ಪಾಸಿನ ಮೇಲಿನ ಹೆಸರು

ತೆಲುಗು ಸೀಮೆಯ ಉಪ್ಪಲ್‌ನ ನಮ್ಮ ಆಫೀಸಿನಲ್ಲಿ ಗೇಟ್ ಪಾಸು ಮುದ್ರಿಸುವ ಕಂಪ್ಯೂಟರ್ ಸ್ಕ್ರಿಪ್ಟ್ ನಾನು ಬರೆದದ್ದು. ಅದರ ಒಂದು ಫಂಕ್ಷನ್ ಪೂರ್ತಿ ಹೆಸರನ್ನು ಒಡೆದು ಎರಡು ಪದ ಹಿಂದಿರುಗಿಸುತ್ತಿತ್ತು. ಮೊದಲನೆಯದನ್ನು ‘ಹೆಸರು’, ಎರಡನೆಯದನ್ನು ‘ಮನೆತನ’ ಎಂಬ ವೇರಿಯೇಬಲ್‌ಗೆ ತುಂಬಿದ್ದೆ. ಕಲಬುರ್ಗಿಯ ನಮ್ಮ ರೂಢಿ ಹಾಗೆ. ತೆಲುಗಿನವರು ಮನೆತನವನ್ನೇ ಮೊದಲು ಬರೆಯುತ್ತಾರೆಂಬುದು ಹೊಳೆಯಲೇ ಇಲ್ಲ. ಪಾಸುಗಳಲ್ಲಿ ಹೆಸರಿನ ಜಾಗಕ್ಕೆ ಅವರ ಮನೆತನ ಬಂದು ಕೂತಿತು.

ತಪ್ಪು ಗೊತ್ತಾದ ದಿನ ಸಂಜೆಯೇ ನಾಂಪಲ್ಲಿ ಸ್ಟೇಷನ್ನಿನಲ್ಲಿ ರೈಲುಗಾಡಿ ಹಿಡಿದು ನಾನು ಬಸುರಿ ತಂಗಿಯ ಕುಬಸಕ್ಕೆ ಹೋಗಬೇಕಿತ್ತು. ಅವಸರದಲ್ಲಿ ಎರಡು ವೇರಿಯೇಬಲ್‌ಗಳನ್ನು ಅದಲುಬದಲು ಮಾಡಿ ಎಲ್ಲರ ಪಾಸೂ ಮತ್ತೆ ಮುದ್ರಿಸಿದೆ. ತೆಲುಗಿನವರದು ಸರಿಹೋಯಿತು, ಕನ್ನಡದವರು ನಾವಿಬ್ಬರು, ನಮ್ಮದು ಕೆಟ್ಟಿತು.

“ಇರ್ಲಿ ಬಿಡ್ರಿ ಅಕ್ಕಾರ, ನಮ್ಮಿಬ್ಬರದು ನಾಳೆ ನೋಡೋಣು. ಗಾಡಿ ತಪ್ಪತೈತಿ,” ಎಂದರು ಬೀದರಿನ ಸಹೋದ್ಯೋಗಿ.

ಚೀಲ ಹಿಡಿದು ಗೇಟಿಗೆ ಬಂದೆ. ಕಾವಲುಗಾರ ಪಾಸನ್ನೂ ರಿಜಿಸ್ಟರನ್ನೂ ನೋಡಿ, “ನಾಮ್ ನಹೀ ಮಿಲ್ತಾ ಮೇಡಂ,” ಎಂದ. ಹೆಸರು ತಾಳೆಯಾಗುತ್ತಿಲ್ಲವಂತೆ. ದಿನಾ ನಮಸ್ಕಾರ ಮಾಡುವವನೇ. ಚೀಲ ಹೊರಗೆ ಹೋಗಬೇಕಾದರೆ ಸಾಹೇಬರ ಚೀಟಿ ಬೇಕಂತೆ. ಸಾಹೇಬರು ಮೀಟಿಂಗಿನಲ್ಲಿದ್ದರು.

ನನಗಾಗಿ ಕಾದಿದ್ದ ಆಟೋ ಬೇರೆ ಸವಾರಿ ಹತ್ತಿಸಿಕೊಂಡು ಹೊರಟಿತು. ಕುಬಸದಲ್ಲಿ ತಂಗಿಗೆ ಉಡಿಸಬೇಕಿದ್ದ ಹಸಿರು ಸೀರೆಯ ಚೀಲವನ್ನು ನೆಲಕ್ಕಿಡದೆ ನಾನು ಗೇಟಿನ ಒಳಗೇ ನಿಂತಿದ್ದೆ.