ಸೀಟಿನಡಿಯ ಮುಳ್ಳು

ನಮ್ಮ ಮನೆಯವರ ಹಳೇ ಲಾರಿಗೆ ಡೀಸೆಲ್ ಟ್ಯಾಂಕು ಇದ್ದದ್ದು ಕ್ಯಾಬಿನ್ನಿನ ಒಳಗೇ, ಡ್ರೈವರ್ ಪಕ್ಕದ ಸೀಟಿನ ಕೆಳಗೆ. ಎಷ್ಟು ಉಳಿದಿದೆ ಎಂದು ತೋರಿಸುವ, ಗಡಿಯಾರದಂಥ ಒಂದು ಬಿಲ್ಲೆ ಟ್ಯಾಂಕಿನ ನೆತ್ತಿಯ ಮೇಲಿತ್ತು. ಅದಕ್ಕೆ ವೈರಿಲ್ಲ, ಕರೆಂಟಿಲ್ಲ. ಒಳಗೆ ತೇಲುವ ಬುರುಡೆ ಇಳಿದ ಹಾಗೆ ಮೇಲಿನ ಮುಳ್ಳು ತಿರುಗುತ್ತಿತ್ತು. ನೋಡಬೇಕಾದರೆ ಸೀಟಿನ ಮೆತ್ತೆ ಎತ್ತಬೇಕು. ಮದುವೆಯಾದ ಹೊಸದರಲ್ಲಿ ಆ ಕೆಲಸ ನನ್ನದಾಗಿತ್ತು.

ಪಾಂಡವಪುರದ ಕಡೆಯ ಆಲೆಮನೆಗಳಿಂದ ಬೆಲ್ಲ ತುಂಬಿಕೊಂಡು ಅವರು ಸಂತೆಬಾಚಹಳ್ಳಿಗೋ ನಾಗಮಂಗಲಕ್ಕೋ ಹೋಗುತ್ತಿದ್ದರು. ಮನೆಯಲ್ಲಿ ಹತ್ತು ಜನ. ಅತ್ತೆಯ ಎದುರು ಗಂಡನ ಜೊತೆ ಕೂತು ನಾಲ್ಕು ಮಾತಾಡುವ ಹಾಗಿರಲಿಲ್ಲ. ಗಾಡಿ ಕಾಯಲು ಜೊತೆಗೊಬ್ಬರು ಬೇಕೆಂದು ಹೇಳಿ ಅವರು ವಾರಕ್ಕೊಮ್ಮೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲಿ, “ಎಷ್ಟೈತೆ ನೋಡಮ್ಮಿ,” ಅನ್ನೋರು. ನಾನು ಎದ್ದು, ಓಲಾಡುತ್ತಾ ಮೆತ್ತೆ ಎತ್ತಿ, ಅರ್ಧ, ಕಾಲು ಎಂದು ಹೇಳುತ್ತಿದ್ದೆ.

ಒಂದು ಸಲ ನಾಗಮಂಗಲದಲ್ಲಿ ಬೆಲ್ಲ ಇಳಿಸಿ ವಾಪಸ್ಸು ಹೊರಟಾಗ ಬಂಕಿನ ಹತ್ತಿರ ಹಾಗೇ ಕೇಳಿದರು. ಮುಳ್ಳು ತಳ ಮುಟ್ಟಿತ್ತು. ನಾನು ಅರ್ಧ ಐತೆ ಅಂದುಬಿಟ್ಟೆ. ಐದಾರು ಮೈಲಿ ಹೋಗುವಷ್ಟರಲ್ಲಿ ಲಾರಿ ಕೆಮ್ಮಿ ನಿಂತಿತು. ಅವರು ಕ್ಯಾನು ಹಿಡಿದು ನಡೆದುಕೊಂಡು ಹೋದರು. ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ನಾನು ಕದ್ದುಕೊಂಡ ಹೊತ್ತಿನ ಬಹುಪಾಲು ಹುಣಸೇಮರದ ಕೆಳಗೆ ಒಬ್ಬಳೇ ಕೂತಿದ್ದೆ. ಆಮೇಲೆ ಅವರು ನಟ್ಟು ಸಡಿಲಿಸಿ ಪೈಪಿಗೆ ಸೇರಿದ್ದ ಗಾಳಿ ತೆಗೆದರು, ನಾನು ಪಂಪು ಒತ್ತಿದೆ. ಅವರು ಪಂಚೆಯ ಮಡಿಲಲ್ಲಿ ಕಟ್ಟಿ ತಂದಿದ್ದ ಬಿಸಿ ಕಡಲೆಕಾಯಿ ಇಬ್ಬರೂ ತಿಂದೆವು. ಅವರು ನನ್ನನ್ನು ಬೈಯಲಿಲ್ಲ, ಮುಳ್ಳನ್ನು ಬೈದರು.

ಮಕ್ಕಳಾದ ಮೇಲೆ ನಾನು ಲಾರಿ ಹತ್ತುವುದು ನಿಂತಿತು, ಈಗಂತೂ ಮಂಡಿನೋವು. ಅವರು ಒಬ್ಬರೇ ತೆಂಗಿನಕಾಯಿ ಸಾಗಿಸುತ್ತಾರೆ. ಡೀಸೆಲ್ ನೋಡಲು ಪ್ರತಿ ಸಲವೂ ಗಾಡಿ ನಿಲ್ಲಿಸಿ ಮೆತ್ತೆ ಎತ್ತಬೇಕಲ್ಲ, ಅದಕ್ಕೇ ಹೋದ ತಿಂಗಳು ಕರೆಂಟಿನ ಮೀಟರು ಹಾಕಿಸಲು ಶ್ರೀರಂಗಪಟ್ಟಣಕ್ಕೆ ಹೋದರು. ನಾನು ತವರಿನ ಜಮೀನಿನ ಕಾಗದಕ್ಕೆಂದು ಅವತ್ತೇ ಅಲ್ಲಿನ ತಾಲ್ಲೂಕು ಆಫೀಸಿಗೆ ಬಸ್ಸಿನಲ್ಲಿ ಬಂದಿದ್ದವಳು, ಕೆಲಸ ಮುಗಿಸಿ ಎಲೆಕ್ಟ್ರಿಷಿಯನ್ ಅಂಗಡಿಗೆ ಹೋದೆ.

ಅವನು ಹಳೇ ಬಿಲ್ಲೆಯನ್ನು ಬುರುಡೆ ಸಮೇತ ಕಿತ್ತು ಪೇಪರಿನ ಮೇಲೆ ಮಲಗಿಸಿದ್ದ. ಅದೇ ತೂತಿಗೆ ಹೊಸ ಫ್ಲೋಟು ಕೂರಿಸಿ ಡ್ಯಾಶ್‌ಬೋರ್ಡಿಗೆ ವೈರು ಎಳೆದ. ಕೀಲಿ ತಿರುಗಿಸಿದರೆ ಹೊಸ ಮುಳ್ಳು ಅಲುಗಲಿಲ್ಲ. ಟ್ಯಾಂಕಿಗೆ ಅರ್ತಿಂಗ್ ಇಲ್ಲ ಎಂದು ಇನ್ನೊಂದು ವೈರನ್ನು ಟ್ಯಾಂಕಿನಿಂದ ಗಾಡಿಯ ಕಬ್ಬಿಣಕ್ಕೆ ಬಿಗಿದ. ಮುಳ್ಳು ಮೆಲ್ಲಗೆ ಎದ್ದಿತು.

ನಮ್ಮವರು ಖುಷಿಯಾಗಿ, ಹಳೇದು ಹೆಂಗೆ ಮೋಸ ಮಾಡಿ ನಾಗಮಂಗಲದ ರೋಡಲ್ಲಿ ನಿಲ್ಲಿಸಿತ್ತು ಎಂದು ಅವನಿಗೆ ಹೇಳತೊಡಗಿದರು. ಈ ಕತೆಯನ್ನು ಎಷ್ಟೋ ಸಲ ಕೇಳಿಯೂ ಸುಮ್ಮನಿದ್ದೆ. ಅವತ್ತು ಆಗಲಿಲ್ಲ.

“ಮುಳ್ಳು ಸರ್ಯಾಗೇ ಇತ್ತು. ನಾನೇ ಸುಳ್ಳೇಳಿದ್ದು.”

“ಯಾಕಮ್ಮಿ?”

“ಮನೆಗೋಗಕ್ಕೆ ಮನ್ಸಿರ್ನಿಲ್ಲ. ನಿಮ್ಮ ಜೊತೇಲಿ ಇನ್ನೊಸಿ ಹೊತ್ತು ಇರಣ ಅಂತ.”

ಎಲೆಕ್ಟ್ರಿಷಿಯನ್ ತಲೆ ತಗ್ಗಿಸಿ ಸ್ಕ್ರೂ ತಿರುಗಿಸತೊಡಗಿದ. ನಮ್ಮವರು ಸ್ಟೂಲಿಟ್ಟು ನನ್ನನ್ನು ಲಾರಿ ಹತ್ತಿಸಿದರು. ಪಾಂಡವಪುರ ಹತ್ತಿರ ಬಂದಾಗ ರಸ್ತೆಯನ್ನೇ ನೋಡುತ್ತಾ, “ಬಾಯ್ಬಿಟ್ಟು ಏಳಿದ್ರೆ ಗಾಡಿ ಅಂಗೇ ನಿಲ್ಲಿಸ್ತಿದ್ದೆ ಕಣಮ್ಮಿ,” ಅಂದರು.

ನಿಲ್ಲಿಸುತ್ತಿದ್ದರು, ನಿಜ. ಇಪ್ಪತ್ತರ ನನಗೆ ಅದು ಹೊಳೆಯಲಿಲ್ಲ, ಹೊಳೆದಿದ್ದರೂ ಕೇಳಲು ಬಾಯಿ ಬರುತ್ತಿರಲಿಲ್ಲ.

ಮುಂದಿನ ವಾರ ಹೊಸಹೊಳಲಿಗೆ ಕಾಯಿ ಕೊಂಡೊಯ್ಯುವಾಗ, ಬತ್ತೀಯಾ ಅಂತ ಕೇಳಿದರು. ಮಂಡಿ ಊದಿಕೊಂಡಿತ್ತು, ಆಗಲ್ಲ ಅಂದೆ. ಲಾರಿ ನಾಲೆಯ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದೆ. ಹೆಂಗಾದರೂ ಹತ್ತಿಬಿಡಬೇಕಿತ್ತು.