ರಟ್ಟೆಗೆ ಕಟ್ಟಿದ ಶಾರ್ಕ್ ಪಟ್ಟಿ

ನನಗೆ ನನ್ನ ನೆಗೆಣ್ಣಿಯನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟರೆ ಮುಂದಿನದು ಯಾವುದೂ ತಿಳಿಯುವುದಿಲ್ಲ, ಅದಕ್ಕೆ ಮೊದಲೇ ಹೇಳಿಬಿಟ್ಟೆ. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಅವಳು ಬಳ್ಳಾರಿ ಬ್ರೂಸ್‌ಪೇಟೆಯ ಅಂಗಡಿಯವರ ಮಗಳು. ನಾನು ಕುರುಗೋಡಿನ ಕಲ್ಲುಗುಡ್ಡದ ಬುಡದಲ್ಲಿ ಹುಟ್ಟಿ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಬ್ಬರೂ ಸಿರುಗುಪ್ಪದ ಒಂದೇ ಮನೆಗೆ ಸೊಸೆಯರಾಗಿ ಬಂದೆವು. ಈಗ ನಡುವೆ ಒಂದು ಗೋಡೆ ಇದೆ. ಅವಳ ಮನೆಯ ಒಗ್ಗರಣೆ ಸದ್ದು ನನಗೆ ಕೇಳುತ್ತದೆ.

ಅವಳು ಬೆಳ್ಳಗಿದ್ದಾಳೆ. ಅವಳ ಹೋಳಿಗೆ ಹರಿಯುವುದಿಲ್ಲ. ಅವಳು ಏನಂದರೂ ಜನ ನಗುತ್ತಾರೆ. ಇರಲಿ. ನನಗೆ ಅಂತ ಇದ್ದದ್ದು ಒಂದೇ, ಹೊಳೆ.

ತುಂಗಭದ್ರೆಯಲ್ಲಿ ಮೊಸಳೆ ಇವೆ. ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಓಣಿಯ ಹೆಂಗಸರು ಹೊಳೆ ಸ್ನಾನಕ್ಕೆ ಹೋಗುವ ರೂಢಿ. ಎಲ್ಲರಿಗಿಂತ ಮೊದಲು ನಾನು ದಂಡೆ ನೋಡುತ್ತಿದ್ದೆ. ಆಮೇಲೆ ಹಿತ್ತಾಳೆ ಕೊಡವನ್ನು ಬೋರಲು ಹಿಡಿದು ನೀರಿನ ಮೇಲೆ ಮೂರು ಸಲ ಬಡಿಯುತ್ತಿದ್ದೆ. ಗುಡುಂ ಎಂಬ ಸದ್ದು ಆಳಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತು ನಿಂತು, ಕೊಕ್ಕರೆ ಎಲ್ಲಿ ಕೂತಿವೆ ನೋಡಿ, ನಾನು "ಇಳೀರಿ" ಅಂದ ಮೇಲೆಯೇ ಉಳಿದವರು ಇಳಿಯುವುದು. ಇದನ್ನು ಅತ್ತೆ ನನಗೆ ಕಲಿಸಿದಳು, ಅವಳಿಗೆ ಕಲಿಸಲಿಲ್ಲ. ನೀರು ಕಂಡರೆ ಹೆದರುವ ಅವಳು ದಂಡೆಯ ಕಲ್ಲಿನ ಮೇಲೆ ಕೂತು ಪಾದ ತೋಯಿಸಿಕೊಂಡು ಎದ್ದು ಬರುತ್ತಿದ್ದಳು. ಅವಳು ಹಾಗೆ ಕೂತದ್ದನ್ನು ನೋಡುವುದು ನನಗೆ ಸ್ನಾನಕ್ಕಿಂತ ಹಿತವಾಗಿತ್ತು.

ಹೋದ ವರ್ಷ ಅದು ಕೆಟ್ಟಿತು. ಅವಳ ಮೊಮ್ಮಗಳು ಬಳ್ಳಾರಿಯಲ್ಲಿ ಈಜು ಕಲಿತವಳು, ಎಲ್ಲೋ ದೂರದ ಸಮುದ್ರದಲ್ಲಿ ಪಂದ್ಯಕ್ಕೆ ಈಜಿ ಬಂದಳು. ಅಲ್ಲಿ ಶಾರ್ಕ್ ಮೀನು ಹತ್ತಿರ ಬರದಿರಲಿ ಅಂತ ಒಂದು ಪಟ್ಟಿ ಕಟ್ಟಿಕೊಳ್ಳುತ್ತಾರಂತೆ. ಕರಿ ರಬ್ಬರಿನ ಪಟ್ಟಿ, ಒಳಗೆ ಅಯಸ್ಕಾಂತ. ಹುಡುಗಿ ಅದನ್ನು ಅಜ್ಜಿಗೆ ಕೊಟ್ಟು, "ಇನ್ನ ನೀ ಮೊಸಳಿಗೆ ಹೆದರಬ್ಯಾಡಬೇ" ಅಂತ ನಕ್ಕು ಬಳ್ಳಾರಿಗೆ ಹೋದಳು. ತಮಾಷೆಗೆ ಅಂದಿರಬೇಕು. ನನ್ನ ನೆಗೆಣ್ಣಿ ಅದನ್ನು ತಮಾಷೆ ಅಂತ ತಿಳಿಯಲಿಲ್ಲ.

ಮನೆಮನೆಗೆ ಹೋಗಿ ತೋರಿಸಿದಳು. ನಮ್ಮ ಮನೆಗೂ ಬಂದಳು.

"ಸಮುದ್ರದ ಮೀನ ಓಡಿ ಹೋಗತೈತಂದ್ರ ಈ ಹೊಳ್ಯಾಗಿನ ಮೊಸಳಿ ಯಾವ ಲೆಕ್ಕ ಬಿಡಕ್ಕ!"

ಪಟ್ಟಿಯ ಮೇಲೆ ಅರಿಶಿನ, ಕುಂಕುಮ ಇತ್ತು. ತಂದ ದಿನವೇ ದೇವರ ಮುಂದೆ ಇಟ್ಟು ಪೂಜೆ ಮಾಡಿದ್ದಳು. ಈಗ ಅದು ರಟ್ಟೆಯ ಮೇಲಿತ್ತು, ತಾಯತ ಕಟ್ಟಿದ ಹಾಗೆ.

"ಕಾಲಿಗೆ ಕಟ್ಟೂದಂತ ನನ್ನ ಮೊಮ್ಮಗಳು ಅಂದ್ಲು. ದೇವರ ಮುಂದ ಇಟ್ಟಿದ್ದು ಕಾಲಿಗೆ ಕಟ್ಟಾಕ ಬರತೈತೇನು? ನೀನ ಹೇಳಕ್ಕ."

ಬರುವುದಿಲ್ಲ ಅಂದೆ. ನನಗೂ ಆಗ ಹಾಗೇ ಅನ್ನಿಸಿತ್ತು.

ಮುಂದಿನ ಅಮಾವಾಸ್ಯೆಗೆ ನಾನು ಹೋಗುವ ಹೊತ್ತಿಗೆ ಅವಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ನಾನು ಕೊಡ ಬಡಿದೆ. ಓಣಿಯ ಸೊಸೆಯೊಬ್ಬಳು, "ಸಾಕ್ರಿ ದೊಡ್ಡವ್ವ, ಮೊಸಳಿ ಬಿಡ್ರಿ, ನಮಗ ಎದಿ ಧಸಕ್ಕಂತೈತಿ" ಅಂದಳು. ಎಲ್ಲರೂ ನಕ್ಕು, ನನ್ನ ಮಾತಿಗೆ ಕಾಯದೆ, ಅವಳ ಹಿಂದೆ ಇಳಿದರು. ಮೊಸಳೆ ಬರಲಿಲ್ಲ. ನಾನು ಕೊಡ ಬಡಿದ ಇಷ್ಟು ವರ್ಷದಲ್ಲೂ ಬಂದಿರಲಿಲ್ಲ. ಅದಕ್ಕೆ ಯಾರೂ ನನಗೆ ಕುಂಕುಮ ಹಚ್ಚಿರಲಿಲ್ಲ.

ಪಟ್ಟಿ ಬಂದ ಡಬ್ಬಿ ಚೆನ್ನಾಗಿತ್ತು. ಪಿನ್ನು, ಕ್ಲಿಪ್ಪು ಇಟ್ಟುಕೊಳ್ಳಲಿ ಅಂತ ಅವಳು ಮರುದಿನ ಅದನ್ನು ನನ್ನ ಮೊಮ್ಮಗಳಿಗೆ ಕೊಟ್ಟಳು. ಕೊಡುವುದರಲ್ಲೂ ಅವಳ ಕೈ ದೊಡ್ಡದು. ಅದೂ ನನಗೆ ಆಗುವುದಿಲ್ಲ. ಡಬ್ಬಿಯ ತಳದಲ್ಲಿ ಮಡಿಸಿದ ಚೀಟಿ ಇತ್ತು, ಇಂಗ್ಲಿಷಿನಲ್ಲಿ. ನನ್ನ ಮೊಮ್ಮಗಳು ಊಟಕ್ಕೆ ಕೂತು ಓದಿದಳು.

"ಅಜ್ಜಿ, ಇದು ಶಾರ್ಕಿಗೆ ಅಷ್ಟ. ಮೊಸಳಿ ಹೆಸರ ಇಲ್ಲ ಇದರಾಗ. ಶಾರ್ಕ್ ಸುದ್ದಾ ಬರಂಗಿಲ್ಲಂತ ಖಾತ್ರಿ ಕೊಡಾಂಗಿಲ್ಲಂತ."

"ಕಾಲಿಗೇ ಕಟ್ಟಬೇಕಂತೇನು?"

"ಹೂಂ, ನೀರಾಗ ಮುಳುಗಿರಬೇಕಂತ. ಸಣ್ಣಜ್ಜಿಗೆ ಹೇಳಿ ಬರ್ಲೇನು?"

"ಬ್ಯಾಡ. ಮೊದಲ ಉಣ್ಣು."

ಊಟ ಆದ ಮೇಲೂ ಹೋಗಗೊಡಲಿಲ್ಲ. ಚೀಟಿಯನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟೆ. ಮೊಸಳೆ ಅವಳನ್ನು ಹಿಡಿಯಲಿ ಅಂತ ನಾನು ಬಯಸಲಿಲ್ಲ. ದೂರದಲ್ಲಿ ಒಂದು ಸಲ ಮೂತಿ ತೋರಿಸಲಿ, ಅವಳು ಸೀರೆ ತೊಡರಿ ಬೀಳುತ್ತಾ ಕಿರುಚಿಕೊಂಡು ಓಡಿ ಬರಲಿ, ಎಲ್ಲರೂ ನೋಡಲಿ. ಇಷ್ಟೇ. ಮೂತಿ ಎಷ್ಟು ದೂರದಲ್ಲಿರಬೇಕು ಅಂತಲೂ ಲೆಕ್ಕ ಹಾಕಿದ್ದೆ. ಶೇಂಗಾ ಚಟ್ನಿ ಕುಟ್ಟುವಾಗ ಅದನ್ನು ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದೆ. ಒಂದು ತಿಂಗಳು ಹೀಗೇ ಹೋಯಿತು.

ಮತ್ತೆ ಅಮಾವಾಸ್ಯೆ ಬಂತು. ಚಳಿ ಇತ್ತು, ಬಿಸಿಲು ಆಗಷ್ಟೇ ದಂಡೆಗೆ ಬಿದ್ದಿತ್ತು. ನಾನು ಎಂದಿನಂತೆ ದಂಡೆ ನೋಡುತ್ತಾ ಹೋದೆ. ಜಾಲಿಗಿಡದ ಆಚೆ ಕೆಸರಿನಲ್ಲಿ ಹೊಟ್ಟೆ ಎಳೆದುಕೊಂಡು ಹೋದ ಗುರುತು, ಎರಡೂ ಕಡೆ ಕಾಲಿನ ಗುರುತು. ಉಗುರು ಊರಿದ ತಗ್ಗಿಗೆ ನೀರು ಇನ್ನೂ ಜಿನುಗುತ್ತಿತ್ತು. ಅಂದರೆ ಆಗತಾನೇ ಇಳಿದಿದೆ.

ತಿರುಗಿ ನೋಡಿದರೆ ಅವಳು ಸೊಂಟದುದ್ದ ನೀರಿನಲ್ಲಿದ್ದಳು. ಪಟ್ಟಿ ತೋಯ್ದು ಕೆಡಬಾರದು ಅಂತ ಆ ತೋಳನ್ನು ಮೇಲೆತ್ತಿ ಹಿಡಿದಿದ್ದಳು. ಹಿಂದೆ ಆರೇಳು ಹೆಂಗಸರು, ಅವರಲ್ಲಿ ಒಬ್ಬಳು ಬಸುರಿ.

"ಹೊರಗ ಬರ್ರಿ! ಮೊಸಳಿ ಈಗಷ್ಟ ನೀರಿಗೆ ಇಳದೈತಿ!"

"ಇಳೀಲಿ ಬಿಡಕ್ಕ," ಅಂದಳು ಅವಳು. "ನಿನ್ನ ಕೊಡಕ್ಕ ಕೆಲಸ ಇಲ್ಲಂತ ಹೊಟ್ಟಿ ಉರೀತೈತೇನು?"

ಎಲ್ಲರೂ ನಕ್ಕರು. ಅವಳು ಹೇಳಿದ್ದು ನಿಜವೇ. ಇನ್ನೊಮ್ಮೆ ಮೊಸಳೆ ಅಂದರೆ ಇನ್ನೊಮ್ಮೆ ನಗುತ್ತಾರೆ. ಅವರು ನಂಬುವ ಮಾತು ಒಂದೇ ಇತ್ತು, ಅದನ್ನು ಹೇಳಿದರೆ ನನ್ನ ಮಾನ ಹೋಗುತ್ತಿತ್ತು. ಅವಳು ಇನ್ನೊಂದು ಹೆಜ್ಜೆ ಒಳಗೆ ಇಟ್ಟಳು.

"ಆ ಪಟ್ಟಿ ಮೊಸಳಿಗಲ್ಲಲೇ!" ಅಂತ ಕೂಗಿದೆ. "ಡಬ್ಬಿಯಾಗ ಚೀಟಿ ಇತ್ತು, ನನ್ನ ಮೊಮ್ಮಗಳು ಓದ್ಯಾಳ. ಸಮುದ್ರದ ಮೀನಿಗೆ ಅಷ್ಟ ಅದು, ಕಾಲಿಗೆ ಕಟ್ಟೂದು! ಗೊತ್ತಿದ್ದೂ ಹೇಳಿದ್ದಿಲ್ಲ ನಾನು!"

ನಗು ನಿಂತಿತು. ಬಸುರಿಯ ಕೈ ಹಿಡಿದುಕೊಂಡು ಎಲ್ಲರೂ ದಡಬಡ ಹೊರಗೆ ಬಂದರು. ಅವಳು ಕೊನೆಗೆ ಬಂದಳು, ಓಡದೆ, ನೆರಿಗೆ ಹಿಡಿದುಕೊಂಡು, ಮದುವೆ ಮನೆಗೆ ಬರುವವರ ಹಾಗೆ. ಅಷ್ಟು ಹೆದರುಪುಕ್ಕಲಿ, ಅವತ್ತು ಹಾಗೆ ನಡೆಯಲು ಎಲ್ಲಿ ಕಲಿತಳೋ.

ಬಹಳ ಹೊತ್ತು ನೀರು ನೋಡುತ್ತಾ ನಿಂತೆವು. ಮೊಸಳೆ ಏಳಲಿಲ್ಲ. ಕೆಸರಿನ ಗುರುತು ತೋರಿಸಿದೆ. "ಎಮ್ಮಿ ಹೊಳ್ಳಾಡಿದ್ದಿರಬೇಕು" ಅಂದಳೊಬ್ಬಳು.

ನೆಗೆಣ್ಣಿ ಸೆರಗು ಹಿಂಡುತ್ತಾ ಕೇಳಿದಳು, "ಎಂದಿನಿಂದ ಗೊತ್ತಿತ್ತಕ್ಕ?"

"ಹೋದ ಅಮಾಸಿ ಆದ ಮರುದಿನದಿಂದ."

ಅವಳು ನನ್ನ ಮುಖ ನೋಡಿದಳು. "ನಾನಾಗಿದ್ರ ಇವತ್ತೂ ಹೇಳ್ತಿದ್ದಿಲ್ಲ," ಅಂದಳು.

ಬಸುರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಳಿದವರೂ ನಕ್ಕರು. ಅವಳು ಊರ ಕಡೆ ಹೊರಟಳು, ಎಲ್ಲರೂ ಅವಳ ಹಿಂದೆ ಹೋದರು. ನೀರಿನಿಂದ ಹೊರಗೆ ಕರೆದವಳು ನಾನು.

ಪಟ್ಟಿಯನ್ನು ಅವಳು ತನ್ನ ಮೊಮ್ಮಗಳಿಗೆ ವಾಪಸ್ ಕೊಟ್ಟಳು. ಹೆಂಗಸರು ಈಗ ಮತ್ತೆ ನನಗೆ ಕಾಯುತ್ತಾರೆ. ನಾನು ದಂಡೆ ನೋಡಿ, ಕೊಡ ಬಡಿದು, "ಇಳೀರಿ" ಅನ್ನುತ್ತೇನೆ. ಆದರೆ ಅವರು ತಕ್ಷಣ ಇಳಿಯುವುದಿಲ್ಲ. ಒಮ್ಮೆ ಅವಳ ಮುಖ ನೋಡುತ್ತಾರೆ, ಅವಳು ತಲೆ ಆಡಿಸಿದ ಮೇಲೆ ಇಳಿಯುತ್ತಾರೆ. ಒಂದು ತಿಂಗಳು ಬಾಯಿ ಮುಚ್ಚಿಕೊಂಡು ಕೂತವಳನ್ನು ಯಾರು ನಂಬುತ್ತಾರೆ, ಒಪ್ಪಿದೆ. ಆದರೆ ನೀರಿನ ವಿಷಯ ಅವಳಿಗೇನು ಗೊತ್ತು?