ನಲ್ಲಿ ಮುಚ್ಚಿದವಳು ನಾನು

ಮೇಘಾ, ತನ್ಮಯ — ಆ ದಿನ ನಲ್ಲಿ ಮುಚ್ಚಿದವಳು ನಾನು. ನಿಮ್ಮ ಅಮ್ಮ ಮರೆತಿರಲಿಲ್ಲ. ಮನೆ ಬಿಡುವ ಮೊದಲು ನೀರನ್ನು ಸಣ್ಣಗೆ ಹರಿಯಲು ಬಿಟ್ಟೇ ಬಂದಿದ್ದಳು. ಅವಳ ಹಿಂದೆ ಹೋಗಿ ತಿರುಗಿಸಿ ಮುಚ್ಚಿದ್ದು ನಾನು. ಮುಚ್ಚಿದೆನೆಂದು ಹೇಳದೆ ಒಂಬತ್ತು ವರ್ಷ ಅವಳ ಕೈಯ ಅನ್ನ ಉಂಡವಳೂ ನಾನೇ.

ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಇಷ್ಟುದ್ದ ಬರೆದು ಅಭ್ಯಾಸವಿಲ್ಲ. ಆದರೆ ಬಾಯಿಬಿಟ್ಟು ಹೇಳಲು ಇನ್ನೂ ಕಷ್ಟ. ಮೇಘಾ, ನಿನಗೆ ಕನ್ನಡ ಓದಲು ಬರುತ್ತದೆ. ತಮ್ಮನಿಗೆ ನಿಧಾನವಾಗಿ ಓದಿ ಹೇಳು. ತಿಳಿಯದ ಪದ ಬಂದರೆ ಅಮ್ಮನನ್ನು ಕೇಳಬೇಡ, ನನ್ನನ್ನೇ ಕೇಳು.

ನಾವು ಮಲೇಷ್ಯಾಕ್ಕೆ ಬರುವ ಮೊದಲು ನಿಮ್ಮ ಅಪ್ಪ ಎರಡು ವರ್ಷ ಕೆನಡಾದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ತರಬೇತಿಗೆಂದು ಇದ್ದರು. ಮೇಘಾ, ಆಗ ನಿನಗೆ ನಾಲ್ಕು ವರ್ಷ. ತನ್ಮಯ ಒಂದು ವರ್ಷದ ಕೂಸು. ನಿಮ್ಮ ಅಮ್ಮನಿಗೆ ಕೈ ಸಾಲದು ಎಂದು ನನ್ನನ್ನೂ ತಾತನನ್ನೂ ಚಳಿಗಾಲಕ್ಕೆ ಕರೆಸಿಕೊಂಡರು. ಇಲ್ಲಿ ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ವರ್ಷವಿಡೀ ಬೆವರುವ ನಿಮಗೆ ಆ ಚಳಿಯನ್ನು ಹೇಗೆ ಹೇಳಲಿ? ಬಾಗಿಲ ಬೀಗಕ್ಕೆ ಕೀಲಿ ಹಾಕಿದರೆ ತಿರುಗುತ್ತಿರಲಿಲ್ಲ, ಒಳಗೇ ಹೆಪ್ಪುಗಟ್ಟಿರುತ್ತಿತ್ತು. ಕಾರಿನ ಬಾಗಿಲು ಅಂಟಿಕೊಂಡು ನಿಮ್ಮ ಅಪ್ಪ ಅದನ್ನು ಮೊಣಕೈಯಿಂದ ಗುದ್ದುತ್ತಿದ್ದರು. ತಾತನ ಪಂಚೆ ಹೊರಗೆ ಒಣಹಾಕಿ ಬಂದೆ — ಒಂದು ಗಂಟೆ ಬಿಟ್ಟು ನೋಡಿದರೆ ಹಲಗೆಯಂತೆ ನಿಂತಿತ್ತು. ದೋಸೆ ಹಿಟ್ಟು ಮೂರು ದಿನವಾದರೂ ಹುಳಿ ಬರಲಿಲ್ಲ. ಬಿಸಿಗಾಳಿ ಬರುವ ಕಿಂಡಿಯ ಮುಂದೆ ಇಟ್ಟರೆ ಉಕ್ಕಿ ಜಮಖಾನದ ಮೇಲೆ ಹರಿಯಿತು. ಅದನ್ನು ಉಜ್ಜುತ್ತ ಕುಳಿತ ನಿಮ್ಮ ಅಮ್ಮ, "ಅತ್ತೆ, ಈ ದೇಶದಲ್ಲಿ ಜಮಖಾನಾನೇ ದೋಸೆ ಹೊಯ್ದು ತಿನ್ನೋಣ ಬಿಡಿ" ಎಂದು ನಕ್ಕಳು. ಆಗ ಅವಳು ತುಂಬ ನಗುತ್ತಿದ್ದಳು. ನಿಮಗೆ ಆ ಸುಧಾಳ ನೆನಪಿರಲಾರದು.

ಮನೆಯ ಮಾಲೀಕ ಮುದುಕ ಒಂದು ಮಾತು ಹೇಳಿ ಹೋಗಿದ್ದ. ಚಳಿ ಬಹಳ ಹೆಚ್ಚಾದಾಗ ಅಡುಗೆಮನೆಯ ನಲ್ಲಿಯನ್ನು ಪೂರ್ತಿ ಮುಚ್ಚಬೇಡಿ, ನೀರು ಹರಿಯುತ್ತಿದ್ದರೆ ಪೈಪು ಹೆಪ್ಪುಗಟ್ಟುವುದಿಲ್ಲ, ಇಲ್ಲವಾದರೆ ಗೋಡೆಯೊಳಗೆ ಒಡೆಯುತ್ತದೆ ಎಂದು. ನಿಮ್ಮ ಅಮ್ಮ ನನಗೆ ತಿಳಿಸಿ ಹೇಳಿದಳು: "ಪೆನ್ಸಿಲ್ ಕಡ್ಡಿ ಇರತ್ತಲ್ಲ ಅತ್ತೆ, ಅಷ್ಟು ಸಣ್ಣಗೆ." ನನಗೆ ಅರ್ಥವಾಗಿರಲಿಲ್ಲ ಎಂದು ನಾನು ಹೇಳಲಾರೆ. ಅರ್ಥವಾಗಿತ್ತು.

ಆದರೆ ನನ್ನ ಕೈ... ಚಿತ್ರದುರ್ಗದ ಕಡೆಯ ನಮ್ಮ ಹಳ್ಳಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಬೀದಿ ನಲ್ಲಿ ತೊಟ್ಟಿಕ್ಕುವುದು ಕಂಡರೆ ಯಾರದ್ದೇ ಇರಲಿ, ಹೋಗಿ ತಿರುಗಿಸಿ ಬರಬೇಕು, ಇಲ್ಲದಿದ್ದರೆ ನನ್ನ ಅತ್ತೆ ಅನ್ನ ಬಡಿಸುತ್ತಿರಲಿಲ್ಲ. ಮನೆ ಬಿಡುವ ಮುಂಚೆ ಒಲೆ, ದೀಪ, ನಲ್ಲಿ — ಈ ಮೂರನ್ನು ಮುಟ್ಟಿ ನೋಡದೆ ಹೊಸಿಲು ದಾಟುತ್ತಿರಲಿಲ್ಲ ನಾವು. ತಾತ ಅದಕ್ಕೇ ಛೇಡಿಸುತ್ತಿದ್ದರು, "ಇವಳನ್ನ ಸ್ವರ್ಗಕ್ಕೆ ಕರ್ಕೊಂಡು ಹೋದ್ರೂ ಮೊದ್ಲು ನಲ್ಲಿ ಎಲ್ಲಿದೆ ಅಂತ ಹುಡುಕ್ತಾಳೆ" ಎಂದು.

ಒಂದು ಶುಕ್ರವಾರ ಬೆಳಿಗ್ಗೆ ದೂರದ ಊರಿನ ಕನ್ನಡದವರ ಮನೆಗೆ ಮಗುವಿನ ನಾಮಕರಣಕ್ಕೆ ಹೊರಟೆವು. ಎರಡು ರಾತ್ರಿ ಅಲ್ಲೇ ಉಳಿಯುವುದೆಂದು ಮಾತು. ನಿಮ್ಮಿಬ್ಬರನ್ನು ಕಾರಿನಲ್ಲಿ ಕಟ್ಟಿ ಕೂರಿಸಿಯಾಗಿತ್ತು. ನನಗೆ ಬಿಪಿ ಮಾತ್ರೆ ಮರೆತದ್ದು ನೆನಪಾಗಿ ಒಳಗೆ ಹೋದೆ. ಅಡುಗೆಮನೆಯಲ್ಲಿ ನೀರು ಹರಿಯುತ್ತಿತ್ತು — ಪೆನ್ಸಿಲ್ ಕಡ್ಡಿಯಷ್ಟು ಸಣ್ಣಗೆ, ಅವಳು ಹೇಳಿದ ಹಾಗೆಯೇ. ಮೂರು ದಿನ, ಯಾರೂ ಇಲ್ಲದ ಮನೆಯಲ್ಲಿ, ಕುಡಿಯುವ ನೀರು. ಆಗ ನಾನು ಏನೂ ಯೋಚಿಸಲಿಲ್ಲ ಎಂದರೆ ಅದೂ ಸುಳ್ಳು. 'ಇವರಿಗೆ ನೀರಿನ ಬೆಲೆ ಗೊತ್ತಿಲ್ಲ' ಎಂದುಕೊಂಡೇ ಮುಚ್ಚಿದೆ. ಗಟ್ಟಿಯಾಗಿ ಮುಚ್ಚಿ ಮಾತ್ರೆ ತೆಗೆದುಕೊಂಡು ಬಂದು ಕಾರು ಹತ್ತಿದೆ.

ಭಾನುವಾರ ಮಧ್ಯಾಹ್ನ ಬಂದು ಬಾಗಿಲು ತೆರೆದರೆ ಅಡುಗೆಮನೆಯಲ್ಲಿ ಕಾಲು ಮುಳುಗುವಷ್ಟು ನೀರು. ಪೈಪು ಗೋಡೆಯೊಳಗೆ ಒಡೆದಿತ್ತು. ಅಕ್ಕಿ ಮೂಟೆ ನೆನೆದು ಊದಿತ್ತು. ನಿಮ್ಮ ಅಪ್ಪ ಮಾಲೀಕನಿಗೆ ಫೋನು ಮಾಡಿ, ಅವನಿಂದ ಏನೋ ಅನ್ನಿಸಿಕೊಂಡು, ಕೆಂಪಗಾಗಿ ಒಳಗೆ ಬಂದರು.

"ಸುಧಾ, ನಲ್ಲಿ ಬಿಟ್ಟಿದ್ಯಾ ಇಲ್ವಾ?"

"ಬಿಟ್ಟಿದ್ದೆ ರೀ."

"ಬಿಟ್ಟಿದ್ರೆ ಮುಚ್ಚಿರೋದು ಹೇಗೆ? ಅಮ್ಮ, ನೀನು ಕೊನೇಲಿ ಒಳಗೆ ಹೋಗಿದ್ಯಲ್ಲ. ನೀರು ಹರೀತಿತ್ತಾ?"

ನಾನು ಪೊರಕೆ ಹಿಡಿದು ನಿಂತಿದ್ದೆ. ಮಗ ಹಾಗೆ ಸಿಟ್ಟಾಗಿದ್ದನ್ನು ನಾನು ನೋಡಿರಲಿಲ್ಲ. ಪರದೇಶ, ಪರರ ಮನೆ, ಎಷ್ಟು ದಂಡ ಕೇಳುತ್ತಾರೋ ಎಂಬ ಹೆದರಿಕೆ, ಸೊಸೆಯ ಮುಂದೆ ಮಾನ ಹೋಗುವ ನಾಚಿಕೆ — ಯಾವುದು ಹೆಚ್ಚಿತ್ತೋ.

"ನಾನು ನೋಡ್ಲಿಲ್ಲಪ್ಪ" ಎಂದೆ.

ಅಷ್ಟೇ. ಸಂಜೆ ಅವನ ಸಿಟ್ಟು ಇಳಿದ ಮೇಲೆ ಹೇಳೋಣ ಎಂದುಕೊಂಡೆ. ಸಂಜೆ ಆಗಲಿಲ್ಲ. ಹಿಂಬಾಗಿಲ ಸಂದಿಯಿಂದ ಹರಿದ ನೀರು ಮೆಟ್ಟಿಲ ಮೇಲೆ ಗಾಜಿನಂತೆ ಗಟ್ಟಿಯಾಗಿ, ಮೇಲೊಂದು ಪದರ ಹೊಸ ಹಿಮ ಬಿದ್ದಿತ್ತು. ನಮ್ಮ ಜಗಳ ನೋಡಲಾರದೆ ತಾತ ನೀರು ತುಂಬಿದ ಬಕೆಟ್ಟು ಎತ್ತಿಕೊಂಡು ಹೊರಗೆ ಚೆಲ್ಲಲು ಹೋದರು. ಬಿದ್ದ ಸದ್ದು ಮಾತ್ರ ಕೇಳಿತು. ಕೂಗಲಿಲ್ಲ ಅವರು.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆಮೇಲೆ ಎದೆಗೆ ಸೋಂಕು. ಮೂರು ವಾರ. ನಿಮ್ಮ ಅಮ್ಮ ನಿಮ್ಮನ್ನು ಪಕ್ಕದ ಮನೆಯಲ್ಲಿ ಬಿಟ್ಟು ದಿನವೂ ಬಂದು ಅವರ ಕಾಲ ಬಳಿ ಕುಳಿತು ಅಳುತ್ತಿದ್ದಳು. ಒಂದು ದಿನ ಅವಳು ಔಷಧಿ ತರಲು ಹೋದಾಗ ತಾತ ನನ್ನ ಕಡೆ ತಿರುಗಿದರು.

"ಲೇ, ನೀನೇ ಅಲ್ವೇನೆ ತಿರುಗಿಸಿದ್ದು?"

ನಲವತ್ತು ವರ್ಷ ನನ್ನ ಕೈ ನೋಡಿದವರು. ನಾನು ತಲೆ ತಗ್ಗಿಸಿದೆ.

"ಆ ಹುಡುಗೀಗೆ ಹೇಳ್ಬಿಡು. ಪಾಪ, ತಾನೇ ಮರೆತೆ ಅಂದ್ಕೊಂಡು ಸಾಯ್ತಾ ಇದಾಳೆ."

"ನೀವು ಮನೆಗೆ ಬಂದ್ಮೇಲೆ ಹೇಳ್ತೀನಿ" ಎಂದೆ. ಅವರು ಬರಲಿಲ್ಲ. ಹೆಪ್ಪುಗಟ್ಟಿದ ಆ ಊರಿನಲ್ಲೇ ಅವರನ್ನು ಸುಟ್ಟೆವು. ನಾನು ಮಾತು ಕೊಟ್ಟಿದ್ದೆ — ಸಾಯುವವರಿಗೆ ಕೊಟ್ಟ ಮಾತು — ಅದನ್ನೂ ನುಂಗಿದೆ.

ಒಂದು ಪೈಪಿನ ವಿಷಯದಲ್ಲಿ ಸುಳ್ಳು ಹೇಳಿದ್ದೆ. ಈಗ ಅದು ಒಂದು ಜೀವದ ವಿಷಯವಾಗಿತ್ತು. ಒಪ್ಪಿಕೊಂಡರೆ ಗಂಡನನ್ನು ಕೊಂದವಳು ನಾನಾಗುತ್ತಿದ್ದೆ. ಒಪ್ಪಿಕೊಳ್ಳದಿದ್ದರೆ... ಅವಳಾಗುತ್ತಿದ್ದಳು. ಅವಳು ಆಗಲಿ ಎಂದು ಬಿಟ್ಟೆ.

ನಿಮ್ಮ ಅಪ್ಪ ಅವಳನ್ನು ಆಮೇಲೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ. ಅವಳೇ ಮೊದಮೊದಲು "ಬಿಟ್ಟಿದ್ದೆ" ಎಂದವಳು, ಆಮೇಲೆ "ಬಿಟ್ಟಿದ್ದೆ ಅನ್ಸತ್ತೆ" ಎಂದಳು, ತಿಥಿಯ ಹೊತ್ತಿಗೆ "ಬಿಟ್ಟೆ ಅಂದ್ಕೊಂಡು ಬಿಡ್ಲೇ ಇಲ್ವೇನೋ ಅತ್ತೆ" ಎಂದು ನನ್ನ ಮಡಿಲಲ್ಲಿ ಮುಖ ಇಟ್ಟಳು. ನಾನು ಅವಳ ತಲೆ ಸವರಿದೆ. ಈ ಕೈಯಿಂದಲೇ ಸವರಿದೆ.

ಮಕ್ಕಳೇ, ನಿಮ್ಮ ಅಮ್ಮ ಮೈಸೂರಿನಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದವಳು. ಇಲ್ಲಿಗೆ ಬಂದ ಮೇಲೂ ಅವಳಿಗೆ ಅಂಥ ಕೆಲಸ ಸಿಕ್ಕಿತ್ತು, ನಿಮಗೆ ಯಾರೂ ಹೇಳಿಲ್ಲ. ಅವಳು ಬೇಡವೆಂದಳು. ನಾನು ಬೆಳ್ಳುಳ್ಳಿ ಸುಲಿಯುತ್ತ ಏಕೆ ಎಂದು ಕೇಳಿದೆ. "ಔಷಧಿ ಕೊಡೋ ಕೆಲಸ ಅತ್ತೆ. ಒಂದು ನಲ್ಲಿ ನೆನಪಿಟ್ಕೊಳ್ಳೋಕೆ ಆಗದವಳು ನಾನು" ಎಂದಳು. ನಾನು ಬೆಳ್ಳುಳ್ಳಿ ಸುಲಿಯುವುದನ್ನು ಮುಂದುವರಿಸಿದೆ.

ಅವಳು ಕಾರಿನವರೆಗೂ ಹೋಗಿ ಲಿಫ್ಟಿನಲ್ಲಿ ಮತ್ತೆ ಮೇಲೆ ಬಂದು ಗ್ಯಾಸ್ ಮುಟ್ಟಿ ನೋಡುವುದನ್ನು ನೀವು ಆಡಿಕೊಂಡು ನಗುತ್ತೀರಿ. "ಅಮ್ಮ ಚೆಕಿಂಗ್ ಅಗೇನ್ ಲಾ" ಎಂದು ಈ ದೇಶದವರ ಹಾಗೆ 'ಲಾ' ಸೇರಿಸಿ ಎನ್ನುತ್ತೀರಿ. ನೀವು ನಗುವಾಗ ನಾನೂ ಜೊತೆಗೆ ನಕ್ಕಿದ್ದೇನೆ.

ಕಳೆದ ತಿಂಗಳು ಇಲ್ಲಿ ಎರಡು ದಿನ ನೀರು ನಿಲ್ಲಿಸಿದ್ದರಲ್ಲ. ತನ್ಮಯ, ನೀನು ಬಚ್ಚಲಿನ ನಲ್ಲಿ ತೆರೆದು ನೋಡಿ ಹಾಗೇ ಬಿಟ್ಟು ಹೋದೆ. ನಾವೆಲ್ಲ ಹೊರಗಿದ್ದಾಗ ನೀರು ಬಂದು ನಡುಮನೆಯವರೆಗೂ ಹರಿಯಿತು. ನೀನು "ಸಾರಿ ಲಾ ಅಪ್ಪಾ" ಎಂದೆ. ಅಪ್ಪ ಒರೆಸುತ್ತ, "ಇರ್ಲಿ ಬಿಡು, ನಲ್ಲಿ ವಿಷಯದಲ್ಲಿ ಅಮ್ಮನ ಮಗಾನೇ ನೀನು" ಎಂದರು. ಅವರ ಪಾಲಿಗೆ ಅದು ತಮಾಷೆ. ನೀನು ಅಮ್ಮನ ಕಡೆ ತಿರುಗಿ ಕೇಳಿದೆ: "ಅಮ್ಮ, ತಾತ ಬಿದ್ದಿದ್ದು ಬಿಕಾಸ್ ಯು ಫರ್ಗಾಟ್ ದ ಟ್ಯಾಪ್ ಆ?"

ಅವಳು ನೆಲದ ಬಟ್ಟೆ ಹಿಂಡುತ್ತ, "ಹೂಂ ಪುಟ್ಟ" ಎಂದಳು.

ಆ "ಹೂಂ" ನನ್ನದು. ಅದನ್ನು ಅವಳ ಬಾಯಲ್ಲಿ ಇಟ್ಟವಳು ನಾನು.

ಮೊನ್ನೆ ಮಂಗಳವಾರ ನೀವು ಶಾಲೆಯಲ್ಲಿದ್ದಾಗ, ಅವಳು ಮೂರನೇ ಸಲ ಮೇಲೆ ಬಂದು ಒಲೆಯ ಗುಂಡಿ ಮುಟ್ಟುತ್ತಿದ್ದಾಗ, ಹೇಳಿದೆ. ಕಾರಿನ ಕೀಲಿ ಅವಳ ಕೈಯಲ್ಲೇ ಇತ್ತು. ಅವಳು ಅಳಲಿಲ್ಲ, ಕೂಗಲಿಲ್ಲ. "ಹಾಗಾದ್ರೆ ನಾನು ಬಿಟ್ಟಿದ್ದೆ" ಎಂದಳು. ಹೌದು ಎಂದೆ. "ಸಣ್ಣಗೆ ಹರೀತಿತ್ತಾ?" ಹರಿಯುತ್ತಿತ್ತು ಎಂದೆ. ಮತ್ತೆ ಅದನ್ನೇ ಕೇಳಿದಳು, ಮತ್ತೆ ಹೇಳಿದೆ. "ನಿಮ್ಮ ಮಡಿಲಲ್ಲಿ ಅತ್ತಿದ್ದೆ ಅತ್ತೆ" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ರಾತ್ರಿ ಎಂದಿನಂತೆ ನನ್ನ ತಟ್ಟೆ ಬಡಿಸಿದಳು. ಮುಖ ನೋಡಲಿಲ್ಲ. ಮಾರನೆಯ ದಿನ ಒಂದೇ ಮಾತು: "ಅವರಿಗೆ ನೀವೇ ಹೇಳಿ. ಮಕ್ಕಳಿಗೂ ನೀವೇ. ನಾನು ಹೇಳಲ್ಲ." ನಿಮ್ಮ ಅಪ್ಪನಿಗೆ ಇಂದು ಸಂಜೆ ಮೆಡಿಕಲ್ ಕಾಲೇಜಿನ ಕೆಲಸದಿಂದ ಬಂದ ಕೂಡಲೇ ಹೇಳುತ್ತೇನೆ, ಅವರು ಕಾಫಿ ಕುಡಿಯುವ ಮೊದಲೇ. ನಿಮಗೆ ಈ ಕಾಗದ.

ಅವಳು ಇನ್ನು ಮುಂದೆ ನನ್ನೊಂದಿಗೆ ಮಾತಾಡುತ್ತಾಳೋ ಇಲ್ಲವೋ ತಿಳಿಯದು. ಮಾತಾಡದಿದ್ದರೆ ನೀವು ನಡುವೆ ಹೋಗಬೇಡಿ. ಅಜ್ಜಿಗೆ ವಯಸ್ಸಾಯಿತು, ಬಿಟ್ಟುಬಿಡಮ್ಮ ಎಂದು ಹೇಳಬೇಡಿ. ನನ್ನ ಕಣ್ಣೀರು ಕಂಡು ಅವಳ ಬಳಿ ಓಡಬೇಡಿ. ನನಗೆ ಹೇಳಲು ಒಂಬತ್ತು ವರ್ಷ ಇತ್ತು, ಅವಳಿಗೆ ಗೊತ್ತಾಗಿ ಇನ್ನೂ ಮೂರು ದಿನವಷ್ಟೇ ಆಗಿದೆ. ಅವಳಿಗೆ ಬೇಕಾದಷ್ಟು ಕಾಲ ಅವಳು ತೆಗೆದುಕೊಳ್ಳಲಿ — ನಾನು ಸತ್ತ ಮೇಲೂ ಬೇಕಾದರೆ, ಆಗಲೂ.